ಗಾಜಿನ ಕೋಣೆಯೊಳಗೆ ಪುಡಿಂಗ್

ಶ್ರಾವಣ ಮಾಸ, ಬುಧವಾರ, ಬೆಳಿಗ್ಗೆ ಏಳು ಗಂಟೆ. ಸ್ಟಾಕ್‌ಪೋರ್ಟಿನಲ್ಲಿ ಆ ಹೊತ್ತಿಗೇ ಬಿಸಿಲು ಇಟ್ಟಿಗೆ ಗೋಡೆ ಹತ್ತಿತ್ತು. ನಾನು ಕಾಫಿ ಲೋಟ ಹಿಡಿದು ಮಗಳ ಮನೆ ಬಾಗಿಲಲ್ಲಿ ನಿಂತಿದ್ದೆ. ಪಕ್ಕದ ಮನೆಯ ಕೆನ್ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ನಾಯಿಯ ಪಟ್ಟಿ ಹಿಡಿದು ನಿಧಾನವಾಗಿ ನಮ್ಮ ಗೇಟಿನ ಹತ್ತಿರ ಬಂದರು.

ಕೆನ್‌ಗೆ ಎಪ್ಪತ್ತೆಂಟು ವರ್ಷ. ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಆಸ್ಪತ್ರೆಗೆ ಹೊರಟಿದ್ದರು. ಆ ನಾಯಿಯನ್ನು ಸಾಕಿದ್ದು ಅವರ ಹೆಂಡತಿ. ಆಕೆ ತೀರಿಕೊಂಡು ಎರಡು ವರ್ಷ. ಈಗ ಆ ಮನೆಯಲ್ಲಿ ಇರುವುದು ಇಬ್ಬರೇ, ಕೆನ್ ಮತ್ತು ನಾಯಿ. ಎಂಟು ದಿನ ನಾವು ನೋಡಿಕೊಳ್ಳುತ್ತೇವೆ ಎಂದು ನನ್ನ ಮಗಳು ಸುಚೇತಾ ಮಾತು ಕೊಟ್ಟಿದ್ದಳು. ಅವಳು ಇಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಕೊಟ್ಟ ಮಾತು ತಪ್ಪುವವಳಲ್ಲ.

ನಾಯಿ ಪಗ್ ಜಾತಿಯದು. ಚಪ್ಪಟೆ ಮೂತಿ, ದುಂಡು ಹೊಟ್ಟೆ. ಹೆಸರು ಪುಡಿಂಗ್. ನಲವತ್ತು ವರ್ಷ ಮೈಸೂರು ಸೀಮೆಯ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವನು ನಾನು. ನಾಯಿಗೆ ತಿಂಡಿಯ ಹೆಸರಿಟ್ಟಿದ್ದನ್ನು ಕೇಳಿ ನಗು ತಡೆಯಲಾಗಲಿಲ್ಲ.

ಕೆನ್ ಪಟ್ಟಿಯನ್ನು ನನ್ನ ಕೈಗೇ ಕೊಟ್ಟು ಏನೋ ಹೇಳಿದರು. ಸುಚೇತಾ ಕನ್ನಡದಲ್ಲಿ ಹೇಳಿದಳು: "ಅಪ್ಪಾ, ಇದಕ್ಕೆ ಸೆಖೆ ಆಗಲ್ವಂತೆ. ಈ ವಾರ ತುಂಬ ಬಿಸಿಲಂತೆ. ಹುಷಾರು ಅಂತಿದಾರೆ."

"ಎಷ್ಟು ಬಿಸಿಲಂತೆ?"

"ಮೂವತ್ತೊಂದು ಡಿಗ್ರಿ."

"ಮೂವತ್ತೊಂದಾ! ಅಷ್ಟಕ್ಕೆ ಟಿವಿಯಲ್ಲಿ ಇಷ್ಟು ಗಲಾಟೆನಾ? ಏಪ್ರಿಲ್‌ನಲ್ಲಿ ಒಂದು ಸಲ ನಮ್ಮ ಮದುವೆ ಅಡುಗೆಮನೆಗೆ ಬಂದು ನಿಂತ್ಕೊಳ್ಳಲಿ, ಬಿಸಿ ಅಂದ್ರೇನು ಅಂತ ತೋರಿಸ್ತೀನಿ."

"ಅಪ್ಪಾ, ನಾಯಿ ಅಡುಗೆಯವನಲ್ಲ" ಅಂದಳು ಸುಚೇತಾ. ಕೆನ್ ನಮ್ಮಿಬ್ಬರ ಮುಖ ನೋಡಿ, ಏನೂ ಅರ್ಥವಾಗದೆ, ತಾವೂ ನಕ್ಕರು. ಬಗ್ಗಿ ನಾಯಿಯ ಕಿವಿ ಸವರಿ ಕಾರು ಹತ್ತಿದರು. ಕಾರು ತಿರುವು ದಾಟುವವರೆಗೂ ಪುಡಿಂಗ್ ನೋಡುತ್ತಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮೊಮ್ಮಗಳು ಸೃಷ್ಟಿಯನ್ನು ಕರೆದುಕೊಂಡು ನಾಯಿಯನ್ನು ಸುತ್ತಾಡಿಸಲು ಹೊರಟೆ. ಅವಳಿಗೆ ಒಂಬತ್ತು ವರ್ಷ, ಶಾಲೆಗೆ ರಜ. ನಾಲ್ಕು ಮನೆ ದಾಟಿರಲಿಲ್ಲ, ನಾಯಿ ಕೂತುಬಿಟ್ಟಿತು. ನಾಲಿಗೆ ಒಂದು ಗೇಣು ಹೊರಗೆ.

"ತಾತಾ, ಹೀ ಈಸ್ ಟೈರ್ಡ್."

"ಸೋಮಾರಿ ಕಣೇ ಇದು. ಬಾರೋ ಪುಡಿಂಗ್, ಬಾರೋ ರಾಜಾ."

ಎದುರು ಸಾಲಿನ ಮನೆಯಿಂದ ಪ್ರತೀಕ್ಷಾ ಓಡಿ ಬಂದಳು. ಧಾರವಾಡದ ಕಡೆಯ ಹುಡುಗಿ, ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಕನ್ನಡ ಬಳಗದವರೆಲ್ಲ ಅವಳನ್ನು ಬಲ್ಲರು.

"ತಾತಾ, ಈ ಹೊತ್ತಲ್ಲಿ ನಾಯಿ ಕರ್ಕೊಂಡು ಹೊರಟಿದ್ದೀರಲ್ಲ! ಚಪ್ಪಲಿ ಬಿಡಿ ನೋಡೋಣ."

"ಯಾಕಮ್ಮಾ?"

"ಬಿಟ್ಟು ಈ ಟಾರಿನ ಮೇಲೆ ನಿಂತ್ಕೊಳ್ಳಿ. ಏಳು ಎಣಿಸೋ ತನಕ. ಅದು ಬರಿಗಾಲಲ್ಲಿ ನಿಂತಿಲ್ವಾ?"

ನನಗೆ ಹುರುಪು ಬಂತು. "ನನ್ನ ಅಂಗಾಲು ಒಲೆ ಮುಂದೆ ಬೆಂದು ಗಟ್ಟಿಯಾದದ್ದು ಕಣಮ್ಮ. ಇಪ್ಪತ್ತು ಎಣಿಸು ಬೇಕಾದ್ರೆ" ಎಂದು ಚಪ್ಪಲಿ ಬಿಟ್ಟು ನಿಂತೆ. ಸೃಷ್ಟಿ ಚಪ್ಪಾಳೆ ತಟ್ಟುತ್ತ ಎಣಿಸಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ನಾನು ಪಕ್ಕದ ಹುಲ್ಲಿನ ಮೇಲಿದ್ದೆ!

ಪ್ರತೀಕ್ಷಾ ನಗುತ್ತ ನಾಯಿಯನ್ನು ಎತ್ತಿಕೊಂಡು ನೆರಳಿಗೆ ಬಂದಳು. "ಅದರ ಪಾದ ಏನಾಗಿರಬೇಕು ಹೇಳಿ. ಕಾಲಲ್ಲೇ ನಿಲ್ಲಬೇಕಿಲ್ಲ, ಅಂಗೈ ಹಿಂಬದಿಯನ್ನು ನೆಲಕ್ಕೆ ಒತ್ತಿದರೂ ಗೊತ್ತಾಗತ್ತೆ. ಏಳು ಎಣಿಸೋ ತನಕ ನಮಗೆ ತಡೆಯೋಕೆ ಆಗದಿದ್ರೆ ಅದಕ್ಕೂ ಆಗಲ್ಲ. ಸೆಖೆಗಾಲದಲ್ಲಿ ಬೆಳಿಗ್ಗೆ ಬೇಗ, ಇಲ್ಲಾ ಸಂಜೆ ನೆಲ ಆರಿದ ಮೇಲೆ ಸುತ್ತಾಡಿಸಿ. ಒಂದು ದಿನ ಸುತ್ತಾಡದಿದ್ರೆ ಯಾವ ನಾಯಿಯೂ ಸಾಯಲ್ಲ ತಾತ. ಬಿಸಿಲಲ್ಲಿ ಸುತ್ತಾಡಿ ಸತ್ತಿದ್ದನ್ನ ನಾನು ನೋಡಿದ್ದೀನಿ."

"ನಮ್ಮೂರ ಬೀದಿ ನಾಯಿಗಳು ಬಿಸಿಲಲ್ಲೇ ಇರ್ತವಲ್ಲಮ್ಮ?"

"ಎಲ್ಲಿ ಇರ್ತವೆ? ನೆನಪು ಮಾಡ್ಕೊಳ್ಳಿ. ಮಧ್ಯಾಹ್ನ ಎಲ್ಲಿರ್ತಿದ್ವು?"

ನೆನಪು ಮಾಡಿಕೊಂಡೆ. ಮಧ್ಯಾಹ್ನ ನಮ್ಮ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಡೆ, ಒದ್ದೆ ಮಣ್ಣನ್ನು ಕೆದರಿ ಗುಂಡಿ ಮಾಡಿ ಹೊಟ್ಟೆ ಊರಿ ಮಲಗುತ್ತಿದ್ದವು. ಹೌದು. ಬಿಸಿಲಲ್ಲಿ ಒಂದೂ ಇರುತ್ತಿರಲಿಲ್ಲ.

"ನೋಡಿದ್ರಾ? ಅವುಗಳ ಜಾಗ ಅವೇ ಹುಡುಕ್ಕೋತವೆ. ಇದನ್ನ ನಾವು ಕಟ್ಟಿ ಎಳ್ಕೊಂಡು ಹೋಗ್ತೀವಿ, ಬಾಗಿಲು ಹಾಕಿ ಕೂಡಿಸ್ತೀವಿ. ನಮ್ಮ ಹಾಗೆ ಇದಕ್ಕೆ ಮೈಯೆಲ್ಲ ಬೆವರಲ್ಲ ತಾತ. ನಾಲಿಗೆ ಚಾಚಿ ಉಸಿರಾಡಿಯೇ ಮೈ ತಂಪು ಮಾಡ್ಕೋಬೇಕು. ಈ ಚಪ್ಪಟೆ ಮೂತಿಗೆ ಉಸಿರಾಟವೇ ಕಷ್ಟ. ಕಾರಲ್ಲಂತೂ ಐದು ನಿಮಿಷಕ್ಕೂ ಬಿಡಬೇಡಿ, ಕಿಟಕಿ ತೆಗೆದಿಟ್ಟರೂ ಸರಿಯೇ."

"ನಮಗೆ ಕಾರು ಬಿಡೋಕೇ ಬರಲ್ಲ ಬಿಡು" ಅಂದೆ. ಅವಳು ಹೇಳಿದ ಅರ್ಧ ಮಾತು ಮನಸ್ಸಿಗೆ ಹೋಯಿತು. ಇನ್ನರ್ಧ ಹೋಗಲಿಲ್ಲ.

ಮಾರನೆಯ ದಿನ ಶ್ರಾವಣ ಶನಿವಾರ. ಮನೆಯಲ್ಲಿ ಸತ್ಯನಾರಾಯಣ ಪೂಜೆ. ಲೀಡ್ಸಿನ ಹೆಡಿಂಗ್ಲೀಯಿಂದ ಹಯವದನಾಚಾರ್ರು ಬಂದಿದ್ದರು. ಅವರು ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಶನಿವಾರ ಪಂಚೆ ಉಟ್ಟು ಪೂಜೆ ಮಾಡಿಸುತ್ತಾರೆ. ಇಪ್ಪತ್ತು ಜನ ಸೇರಿದ್ದರು. ನಾನು ಮಡಿಯಲ್ಲಿ ಸಜ್ಜಿಗೆ ಪ್ರಸಾದಕ್ಕೆ ರವೆ ಹುರಿಯುತ್ತಿದ್ದೆ. ಹಬ್ಬದ ಮನೆ ಅಂದರೆ ನನಗೆ ಈಗಲೂ ಮೈಯಲ್ಲಿ ಹುರುಪು. ತುಪ್ಪದ ವಾಸನೆಗೆ ಪುಡಿಂಗ್ ಕಾಲು ಕಾಲಿಗೆ ಸುತ್ತುತ್ತಿತ್ತು.

"ಸುಚೇತಾ, ಇದು ಮಡಿ ಬಟ್ಟೆ ಮುಟ್ಟತ್ತೆ. ಎಲ್ಲಾದ್ರೂ ಬಿಡ್ತೀನಿ."

"ನನ್ನ ರೂಮಲ್ಲಿ ಬಿಡಪ್ಪ, ಮೇಲೆ" ಎಂದು ಅವಳು ರಂಗೋಲಿ ಹಾಕುತ್ತಲೇ ಹೇಳಿದಳು.

ಮೆಟ್ಟಿಲು ಹತ್ತಲು ಮೊಣಕಾಲು ಕೇಳಲಿಲ್ಲ. ಮನೆಯ ಹಿಂದೆ ಕನ್ಸರ್ವೇಟರಿ ಇದೆ. ಗೋಡೆಯೂ ಗಾಜು, ಮೇಲ್ಛಾವಣಿಯೂ ಗಾಜು. ಚಳಿಗಾಲದಲ್ಲಿ ಬಿಸಿಲು ಕಾಯಿಸಲು ಚೆನ್ನ. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ನೆರಳಿತ್ತು, ನೆಲದ ಟೈಲ್ಸ್ ತಣ್ಣಗಿತ್ತು, ಕೈಯಿಟ್ಟು ನೋಡಿದೆ. ಒಂದು ಬಟ್ಟಲು ನೀರಿಟ್ಟೆ. ಇದು ಕಾರಲ್ಲವಲ್ಲ, ಮನೆಯೇ ಅಲ್ಲವಾ ಅಂದುಕೊಂಡು ಬಾಗಿಲು ಹಾಕಿದೆ. ಹತ್ತು ನಿಮಿಷದಲ್ಲಿ ಬಂದು ಮೇಲಕ್ಕೆ ಕಳಿಸಿದರಾಯಿತು ಎಂದುಕೊಂಡೆ. ಬಾಗಿಲು ಹಾಕಿದವನು ನಾನೇ. ಯಾರ ಮೇಲೂ ಹೇಳುವ ಹಾಗಿಲ್ಲ.

ಪೂಜೆ ಶುರುವಾಯಿತು. ಇಲ್ಲಿ ಹುಟ್ಟಿದ ಮಕ್ಕಳಿಗೆ ತಿಳಿಯಲಿ ಎಂದು ಆಚಾರ್ರು ಒಂದೊಂದು ಅಧ್ಯಾಯವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಮಕ್ಕಳು ಪ್ರಶ್ನೆ ಕೇಳಿದರು. ಹತ್ತು ನಿಮಿಷ ಒಂದು ಗಂಟೆಯಾಯಿತು, ಒಂದೂವರೆಯಾಯಿತು. ನಾನು ನಾಯಿಯನ್ನು ಮರೆತೇಬಿಟ್ಟೆ. ಮೇಲಿನ ರೂಮಿನಲ್ಲಿದೆ ಎಂದು ಉಳಿದವರೆಲ್ಲ ತಿಳಿದಿದ್ದರು.

ಮಂಗಳಾರತಿಗೆ ಸರಿಯಾಗಿ ಪ್ರತೀಕ್ಷಾ ಬಂದಳು, ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ. "ಸಾರಿ ತಾತ, ಬೆಳಗಿನ ಶಿಫ್ಟ್ ಇತ್ತು. ಪುಡಿಂಗ್ ಎಲ್ಲಿ?"

ನನ್ನ ಕೈಯಲ್ಲಿ ಪ್ರಸಾದದ ಹರಿವಾಣ ಇತ್ತು. ಹರಿವಾಣವನ್ನು ಯಾರ ಕೈಗೆ ಕೊಟ್ಟೆನೋ ಇವತ್ತಿಗೂ ಗೊತ್ತಿಲ್ಲ. ಓಡಿದೆ. ಮೊಣಕಾಲು ಆಗ ನೆನಪಾಗಲಿಲ್ಲ.

ಕನ್ಸರ್ವೇಟರಿಯ ಬಾಗಿಲು ತೆಗೆದೆ. ಇಡ್ಲಿ ಹಂಡೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೇ ಹೊಡೆಯಿತು ಧಗೆ. ಸೂರ್ಯ ಮನೆಯನ್ನು ಸುತ್ತಿ ಬಂದು ಗಾಜಿನ ನೆತ್ತಿಯ ಮೇಲೆ ನಿಂತಿದ್ದ. ನೆರಳು ಒಂದು ಚೂರೂ ಇರಲಿಲ್ಲ. ನೀರಿನ ಬಟ್ಟಲು ಮಗುಚಿ ಬಿದ್ದಿತ್ತು. ಪುಡಿಂಗ್ ಬಾಗಿಲ ಬುಡದಲ್ಲಿ ಒಂದು ಮಗ್ಗುಲಿಗೆ ಮಲಗಿತ್ತು. ಬಾಯಲ್ಲಿ ದಪ್ಪ ಜೊಲ್ಲು, ನಾಲಿಗೆ ಕಡುಗೆಂಪು, ಉಸಿರು ಗರಗಸ ಎಳೆದ ಹಾಗೆ. ಕರೆದರೆ ಕಣ್ಣು ಮಾತ್ರ ಆಡಿತು. ಏಳಲಿಲ್ಲ.

ಎಲ್ಲರೂ ನುಗ್ಗಿದರು. ಎಲ್ಲರೂ ಒಟ್ಟಿಗೆ ಮಾತಾಡಿದರು.

"ಬಾಯಿಗೆ ನೀರು ಹಾಕಿ!"

"ಐಸ್ ತನ್ನಿ, ಐಸ್!"

"ಕಾರಿಗೆ ಹಾಕಿ ನಡೀರಿ, ಆಸ್ಪತ್ರೆಗೆ!"

ನನ್ನ ಅಳಿಯ ಅಶ್ವಿನ್ ಹೆಗಲ ಮೇಲಿನ ಶಲ್ಯವನ್ನು ನೀರಲ್ಲಿ ಅದ್ದಿ ತಂದು ನಾಯಿಯ ಮೈತುಂಬ ಹೊದಿಸಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

"ತೆಗೀರಿ ಅದನ್ನ!" ಪ್ರತೀಕ್ಷಾ ಕೂಗಿದ ಕೂಗಿಗೆ ಮನೆಯೆಲ್ಲ ಗಪ್ಪಾಯಿತು. "ಒದ್ದೆ ಬಟ್ಟೆ ಹೊದಿಸಿದ್ರೆ ಮೈ ಶಾಖ ಒಳಗೇ ಉಳಿಯತ್ತೆ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕ್ಕೆ ಹೋಗತ್ತೆ. ಐಸ್ ಹುಡುಕ್ತಾ ಕೂರಬೇಡಿ, ನಲ್ಲಿ ನೀರು ಸಾಕು. ಮೊದಲು ತಂಪು, ಆಮೇಲೆ ಕಾರು!"

ಬಟ್ಟೆಯ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ಅಯ್ಯೋ, ಇದು ನನಗೆ ಗೊತ್ತಿರುವ ಕೆಲಸ! ಸಾವಿರ ಜನದ ಅನ್ನ ಬಸಿದು ರಾಶಿ ಹಾಕಿದ ಮೇಲೆ, ಬಿಸಿ ಉಳಿಯಬೇಕಾದರೆ ನಾವು ಮಾಡುವುದೇನು? ಒದ್ದೆ ಬಟ್ಟೆ ಹೊದಿಸುತ್ತೇವೆ. ಎರಡು ಗಂಟೆ ಕಳೆದರೂ ಹಬೆಯಾಡುತ್ತದೆ. ಅದೇ ಅನ್ನ ಪುಳಿಯೋಗರೆಗೆ ಬೇಗ ಆರಬೇಕಾದರೆ? ಅಗಲಕ್ಕೆ ಹರವಿ, ಏನೂ ಮುಚ್ಚದೆ, ಬೀಸುತ್ತೇವೆ. ನಲವತ್ತು ವರ್ಷ ಮಾಡಿದ್ದು ಅದೇ.

"ನೆರಳಿಗೆ ತನ್ನಿ! ಹಜಾರದ ಕಲ್ಲು ನೆಲಕ್ಕೆ!" ಎಂದು ನಾನು ಮದುವೆ ಮನೆಯ ಗಂಟಲಲ್ಲಿ ಕೂಗಿದೆ. "ಅಶ್ವಿನ್, ಬಕೆಟ್! ಸೃಷ್ಟಿ, ಫ್ಯಾನ್ ತಾ! ಉಳಿದವರು ಕೈಗೆ ಸಿಕ್ಕಿದ್ದರಲ್ಲಿ ಬೀಸಿ, ನಿಲ್ಲಿಸಬೇಡಿ! ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಗಾಳಿ ಬರಲಿ!"

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ರೇಷ್ಮೆ ಸೀರೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ಮುಚ್ಚಳದಲ್ಲಿ ಬೀಸಿದರು. ಒಬ್ಬರು ಮೊರದಲ್ಲಿ, ಇನ್ನೊಬ್ಬರು ಪಂಚಾಂಗದಲ್ಲಿ. ಪ್ರತೀಕ್ಷಾ ಕುತ್ತಿಗೆಯಿಂದ ಕೆಳಗೆ, ಎದೆಗೆ, ಹೊಟ್ಟೆಗೆ, ತೊಡೆಸಂದಿಗೆ ನೀರು ಸುರಿದಳು, ಮೂಗು ಬಾಯಿಗೆ ಬೀಳದ ಹಾಗೆ. ಸುಚೇತಾ ಆಸ್ಪತ್ರೆಗೆ ಫೋನು ಹಚ್ಚಿ ನಿಂತಿದ್ದಳು. ಬಕೆಟ್ ಖಾಲಿಯಾಯಿತು. ಇನ್ನೊಂದು ಬಕೆಟ್ ಹೊತ್ತು ಬಂದವರು ಯಾರು ಎಂದು ನೋಡಿದರೆ ಹಯವದನಾಚಾರ್ರು!

"ಆಚಾರ್ರೇ, ಮಡಿ!" ಎಂದರು ಯಾರೋ.

"ಮಡಿಗೇನು, ಇನ್ನೊಂದು ಸ್ನಾನ ಮಾಡಿದ್ರೆ ಬರತ್ತೆ. ಇದರ ಜೀವ ಹೋದ್ರೆ ಬರತ್ತೇನ್ರಿ? ಸರೀರಿ ಆ ಕಡೆ" ಎಂದು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಕೂತು, ನಾಯಿಯ ತಲೆಯನ್ನು ತಮ್ಮ ತೊಡೆಯ ಮೇಲೆ ಎತ್ತಿ ಹಿಡಿದರು.

ಐದು ನಿಮಿಷ ಕಳೆಯಿತು. ಹತ್ತಾಯಿತು. ನನ್ನ ಕಣ್ಣು ಅದರ ಹೊಟ್ಟೆಯ ಮೇಲೆಯೇ. ಕೆನ್ ಪಟ್ಟಿ ಕೊಟ್ಟದ್ದು ನನ್ನ ಕೈಗೆ. ಗುರುವಾರ ಅವರು ಕುಂಟುತ್ತ ಗೇಟಿಗೆ ಬಂದಾಗ ನಾನು ಏನನ್ನು ಕೊಡಲಿ?

ಗರಗಸದ ಸದ್ದು ಸ್ವಲ್ಪ ಇಳಿಯಿತು. ಆಮೇಲೆ ಇನ್ನೂ ಇಳಿಯಿತು. ಕಣ್ಣು ನಮ್ಮ ಕಡೆ ತಿರುಗಿತು. ಸುರುಳಿ ಬಾಲ ಒದ್ದೆ ನೆಲದ ಮೇಲೆ ಒಂದೇ ಒಂದು ಸಲ ಪಟ್ ಎಂದಿತು.

"ಹೀ ಮೂವ್ಡ್! ತಾತಾ, ಬಾಲ! ಬಾಲ!" ಎಂದು ಸೃಷ್ಟಿ ಕುಣಿದಳು. ಆ ಮಗುವಿನ ಬಾಯಲ್ಲಿ ಕನ್ನಡ ತಾನಾಗಿ ಬಂದದ್ದನ್ನು ನಾನು ಅವತ್ತೇ ಕೇಳಿದ್ದು. ಇಪ್ಪತ್ತು ಜನ ಒಟ್ಟಿಗೆ ಉಸಿರು ಬಿಟ್ಟರು.

"ಇನ್ನೂ ಮುಗಿದಿಲ್ಲ" ಎಂದಳು ಪ್ರತೀಕ್ಷಾ. "ಹೊರಗೆ ಚೇತರಿಸಿಕೊಂಡ ಹಾಗೆ ಕಂಡರೂ ಒಳಗೆ ಪೆಟ್ಟಾಗಿರಬಹುದು. ಈಗ ಕಾರು. ಏಸಿ ಹಾಕಿ, ಇಲ್ಲಾ ಕಿಟಕಿ ಎಲ್ಲ ತೆಗೀರಿ."

ಶನಿವಾರ ರಾತ್ರಿ ಅದನ್ನು ಪ್ರಾಣಿಗಳ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಭಾನುವಾರ ಬೆಳಿಗ್ಗೆ ಪ್ರತೀಕ್ಷಾ ಫೋನ್ ಮಾಡಿದಳು: "ತಾತಾ, ನಿಮ್ಮ ಪುಡಿಂಗ್ ತಿಂಡಿ ತಿಂದು ಇನ್ನೂ ಬೇಕು ಅಂತಿದೆ. ಸಂಜೆ ಕರ್ಕೊಂಡು ಹೋಗಿ." ನಾನು ದೇವರ ಮುಂದೆ ದೀಪ ಹಚ್ಚಿ ಸೀದಾ ಮಗಳ ಹತ್ತಿರ ಹೋದೆ.

"ಕೆನ್‌ಗೆ ಫೋನ್ ಹಾಕು."

"ಈಗ ಬೇಡಪ್ಪ. ಆಪರೇಷನ್ ಆಗಿ ಮಲಗಿದಾರೆ. ಹೇಗಿದ್ರೂ ಹುಷಾರಾಗಿದೆಯಲ್ಲ."

"ಅದಕ್ಕೇ ಈಗಲೇ ಹೇಳಬೇಕು. ಬಾಗಿಲು ಹಾಕಿದ್ದು ನಾನು ಅಂತ ಹೇಳು. ಸುತ್ತುಬಳಸಿ ಹೇಳಬೇಡ."

ಅವಳು ಹೇಳಿದಳು. ಆ ಕಡೆಯಿಂದ ಕೆನ್ ನಿಧಾನವಾಗಿ ಏನೋ ಹೇಳಿದರು. ಸುಚೇತಾಳ ಕಣ್ಣು ತುಂಬಿತು.

"ಏನಂತೆ?"

"'ನಮ್ಮ ಮನೆಯಾಕೆಯೂ ಒಂದು ಸಲ ಹೀಗೇ ಮಾಡಿ ಅಳ್ತಾ ಕೂತಿದ್ದಳು. ನಿಮ್ಮಪ್ಪ ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಹೇಳಿದ್ರಲ್ಲ, ಪುಡಿಂಗ್ ಅವರ ಹತ್ತಿರವೇ ಇರಲಿ, ನಾನು ಬರೋ ತನಕ' ಅಂದ್ರು."

ಆಮೇಲಿನ ನಾಲ್ಕು ದಿನ ನಮ್ಮ ಮನೆಯ ಗಡಿಯಾರ ನಾಯಿಗಾಗಿ ನಡೆಯಿತು. ಬೆಳಿಗ್ಗೆ ಆರಕ್ಕೇ ಸುತ್ತಾಟ ಮುಗಿಸುತ್ತಿದ್ದೆವು. ಎಂಟಕ್ಕೆ ಬಿಸಿಲು ಬೀಳುವ ಕಡೆಯ ಪರದೆ ಎಳೆಯುತ್ತಿದ್ದೆವು. ಕನ್ಸರ್ವೇಟರಿಗೆ ಹೋಗುವ ಬಾಗಿಲಿಗೆ ಬೀಗ ಬಿತ್ತು. ಹಜಾರದಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ಎರಡು ಕಡೆ ನೀರು, ಮಗುಚದ ಭಾರದ ಬಟ್ಟಲಲ್ಲಿ. ಹಿತ್ತಲಲ್ಲಿ ಮರದ ನೆರಳಿಗೆ ಸೃಷ್ಟಿಯ ಹಳೆಯ ಪ್ಲಾಸ್ಟಿಕ್ ತೊಟ್ಟಿ ಇಟ್ಟು ನಾಯಿಯ ಮೊಣಕಾಲುದ್ದ ನೀರು ತುಂಬಿದೆವು. ಅದರಲ್ಲಿ ಪುಡಿಂಗ್ ಹೊಟ್ಟೆ ಊರಿ ಕೂತಿದ್ದು ನೋಡಿದರೆ ಮದುವೆ ಮನೆಯ ಯಜಮಾನರು ಊಟಕ್ಕೆ ಕೂತ ಹಾಗೇ ಇತ್ತು!

ಆಚಾರ್ರೂ ಸುಮ್ಮನಿಲ್ಲ. ಈಗ ಅವರು ಯಾವ ಮನೆಗೆ ಹೋದರೂ ಸಂಕಲ್ಪಕ್ಕೆ ಮೊದಲು ಕೇಳುತ್ತಾರೆ: "ಮನೆಯಲ್ಲಿ ನಾಯಿ ಇದೆಯಾ? ಎಲ್ಲಿ ಬಿಟ್ಟಿದ್ದೀರಿ? ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ನೀರು ಬಿಡೋಣ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಶೆಫೀಲ್ಡಿನಲ್ಲಿರಲಿ, ಲೀಡ್ಸಿನಲ್ಲಿರಲಿ, ಬರ್ಮಿಂಗ್‌ಹ್ಯಾಮಿನಲ್ಲಿರಲಿ, ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಾವು ಬಿಸಿಲ ನಾಡಿನವರು, ಇದು ಯಾವ ಲೆಕ್ಕ ಎಂದು ಹೇಳಬೇಡಿ. ಆ ಮಾತು ಹೇಳಿಯೇ ನಾನು ಕೆಟ್ಟೆ. ಪೂಜೆಯಿರಲಿ, ಹುಟ್ಟುಹಬ್ಬವಿರಲಿ, ನೆಂಟರಿಗೆ ನಾಯಿ ಭಯವಿರಲಿ, ಅದನ್ನು ಗಾಜಿನ ಕೋಣೆಗೂ ಕಾರಿಗೂ ಹಾಕಬೇಡಿ. ತಂಪಾದ ರೂಮು ಕೊಡಿ, ನೀರು ಕೊಡಿ, ಗಳಿಗೆಗೊಮ್ಮೆ ಹೋಗಿ ನೋಡುವುದು ಯಾರ ಕೆಲಸ ಎಂದು ಹೆಸರು ಹೇಳಿ ಒಪ್ಪಿಸಿ. ಏದುಸಿರು ನಿಲ್ಲದಿದ್ದರೆ, ಜೊಲ್ಲು ಸುರಿದರೆ, ತೂರಾಡಿದರೆ, ವಾಂತಿಯಾದರೆ, ಕರೆದರೂ ಏಳದಿದ್ದರೆ ಒಂದು ಕ್ಷಣ ಕಾಯಬೇಡಿ. ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿಯಿರಿ, ಬೀಸಿ, ಪ್ರಾಣಿ ವೈದ್ಯರಿಗೆ ಫೋನ್ ಮಾಡಿ, ಆಮೇಲೆ ಕರೆದುಕೊಂಡು ಹೋಗಿ. ಬಟ್ಟೆ ಮಾತ್ರ ಹೊದಿಸಬೇಡಿ. ಅನ್ನದ ರಾಶಿ ನೆನಪಿರಲಿ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಕೆನ್ ಬಂದಿಳಿದರು, ಎರಡು ಕೋಲು ಊರಿಕೊಂಡು. ಪುಡಿಂಗ್ ಕಿಟಕಿಯಿಂದಲೇ ಕಂಡು ಕೂಗಿ ಮನೆ ಎತ್ತಿಬಿಟ್ಟಿತು. ಅವರು ಬಾಗಿಲಿಗೆ ಬಂದು ಪಟ್ಟಿಗಾಗಿ ಕೈ ಚಾಚಿದರು. ನಾನು ಕೊಡಲಿಲ್ಲ. ಗೇಟಿನ ಹೊರಗಿನ ಕಾಲುದಾರಿಗೆ ಬಗ್ಗಿ, ಅಂಗೈ ಹಿಂಬದಿ ಒತ್ತಿ, ಎಣಿಸಿದೆ. ಐದಕ್ಕೆ ಕೈ ತೆಗೆದೆ. ತಲೆಯಾಡಿಸಿದೆ.

"ನೋ" ಅಂದೆ. ನನಗೆ ಬರುವ ಇಂಗ್ಲಿಷ್ ಅಷ್ಟೇ. ಒಳಗೆ ಕೈ ತೋರಿಸಿ "ಕಾಫಿ" ಅಂದೆ.

ಕೆನ್ ನನ್ನ ಮುಖ ನೋಡಿದರು, ನೆಲ ನೋಡಿದರು. ಗಟ್ಟಿಯಾಗಿ ನಕ್ಕು ಒಳಗೆ ಬಂದು ಹಜಾರದ ಕುರ್ಚಿಯಲ್ಲಿ ಕೂತರು. ಪುಡಿಂಗ್ ಅವರ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿದ. ನಾವಿಬ್ಬರು ಮುದುಕರು ಮೂರು ಸಲ ಕಾಫಿ ಕುಡಿದೆವು, ಒಂದು ತಟ್ಟೆ ಸಜ್ಜಿಗೆ ಮುಗಿಸಿದೆವು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಆರು ಗಂಟೆ ಕಾಲ ಸುಖವಾಗಿ ಕಳೆದೆವು.

ಬಿಸಿಲು ಇಳಿಯಿತು. ಮತ್ತೆ ಹೋಗಿ ಹಾಗೇ ಕೈ ಒತ್ತಿದೆ. ಈ ಸಲ ಕೆನ್ ತಾವೇ ಗಟ್ಟಿಯಾಗಿ ಏಳರವರೆಗೆ ಎಣಿಸಿದರು. ನೆಲ ತಣ್ಣಗಿತ್ತು. ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಗುರುವಾರ ಸಂಜೆ ಎಂಟು ಗಂಟೆಗೆ, ನಾಲ್ಕು ಕಾಲೂ ನೆಲಕ್ಕೆ ಊರಿ ನಡೆಯುತ್ತ, ಪುಡಿಂಗ್ ನಮ್ಮ ಮನೆಯಿಂದ ಹೊರಟ.